ಜೋಗಿಯ ವಸಡಿನ ರಕ್ತ

“ಇಲಿ ಪಾಷಾಣ ಇಕ್ಕಿದ್ದು ನೀನೇ ಕಣಯ್ಯ! ಇದರ ಬಾಯಿ ನೋಡಿಲ್ಲಿ… ರಕ್ತ!”

ಮುಸುಕಿನ ಜೋಳದ ಸಾಲಿನಲ್ಲಿ ಬಗ್ಗಿದ್ದ ನಟರಾಜ ತಲೆಯೆತ್ತಿದ. ಎದುರಿಗೆ ಅಪರಿಚಿತ ಹುಡುಗಿ. ಅವಳ ತೋಳಿನಲ್ಲಿ ಜೋತುಬಿದ್ದ ಕಂದು ನಾಯಿ. ಅದರ ವಸಡಿನಿಂದ ಒಸರಿದ ರಕ್ತ ಅವಳ ಚೂಡಿದಾರಕ್ಕೂ ಅಂಟಿತ್ತು. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

ಇಲಿ ಪಾಷಾಣ ತಿಂದ ನಾಯಿ ರಕ್ತ ಕಾರಿ ಸಾಯುವುದನ್ನು ಆ ಹುಡುಗಿ ಮೇಘ ಈ ಪಣಕಹಳ್ಳಿಯಲ್ಲೇ ಮೊದಲು ಕಂಡಿದ್ದಳು. ಇವನೋ, ಸೋದರಮಾವನ ಹೊಲ ಮಾಡಲು ತಿಂಗಳ ಹಿಂದಷ್ಟೇ ಹಾಸನೂರಿನಿಂದ ಬಂದವನು. ತನ್ನ ನಾಯಿ ಜೋಗಿ ಅಲೆಯುವುದೂ ಇವನ ಹೊಲದಲ್ಲೇ. ಇವನಲ್ಲದೆ ಇನ್ಯಾರು?

“ನಾನಿಕ್ಕಿಲ್ಲ,” ಎಂದ ಅವನು. “ಜಗಳ ಆಮೇಲೆ ಆಡವ. ಮೊದ್ಲು ಗಾಡಿ ಅತ್ತಿ.”

ತಾಳವಾಡಿಯ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಮೇಘ ಹಲ್ಲು ಕಚ್ಚಿ ಬೈಕ್ ಹತ್ತಿದಳು.

ತಾಳವಾಡಿಯ ದನದಾಸ್ಪತ್ರೆಯಲ್ಲಿ ಡಾಕ್ಟರಮ್ಮ ಜೋಗಿಯ ಮೇಲ್ತುಟಿ ಮಗುಚಿ, ಒಳಗೆ ಚಿಕ್ಕದೊಂದು ಗೀರು ಹಾಕಿದರು. ಒಸರುವ ರಕ್ತವನ್ನು ಕಾಗದದ ಅಂಚಿಗೆ ಹೀರಿಸುತ್ತಾ, “ನಾಲ್ಕು ನಿಮಿಷದೊಳಗೆ ನಿಲ್ಲಬೇಕು. ಗಡಿಯಾರ ನೋಡಮ್ಮ,” ಎಂದರು.

ಐದು… ಏಳು… ಒಂಬತ್ತು!

ನಟರಾಜ ಜೋಗಿಯ ತಲೆಯನ್ನು ಎದೆಗೊತ್ತಿ ಹಿಡಿದು, ಕಿವಿಯ ಹಿಂದೆ ಮೆಲ್ಲಗೆ ಕೆರೆಯುತ್ತಲೇ ಇದ್ದ.

ವಿಷ ಇಟ್ಟವನ ಕೈ ಹೀಗಿರುತ್ತದೆಯೇ?

ಉಳಿದ ಪರೀಕ್ಷೆಗಳೂ ಮುಗಿದವು. “ವಿಷ ಅಲ್ಲ, ಕಿಡ್ನಿ ಕೆಟ್ಟಿದೆ,” ಎಂದರು ಡಾಕ್ಟರಮ್ಮ. “ಸೋಸಿ ಹೋಗಬೇಕಾದ ಕೊಳೆ ರಕ್ತದಲ್ಲೇ ಉಳಿದು, ರಕ್ತ ನಿಲ್ಲಿಸೋ ಕಣಗಳನ್ನ ಮಂಕು ಮಾಡಿದೆ. ನೋವಿನ ಮಾತ್ರೆ ಏನಾದ್ರೂ ಕೊಟ್ಟಿದ್ಯಾ?”

ಮೇಘ ಜೋಗಿಯ ಕಾಲು ಸವರಿದಳು. “ಕುಂಟ್ತಿತ್ತು… ನಮ್ಮವ್ವನ ಮಂಡಿನೋವಿನ ಮಾತ್ರೆ… ಮುದ್ದೆ ಒಳಗಿಟ್ಟು, ಅತ್ತು ದಿನ…”

“ಮೊದಲೇ ಸೋತಿದ್ದ ಕಿಡ್ನಿಗೆ ಅದು ಭಾರ. ರಕ್ತ ನಿಲ್ಲೋದಕ್ಕೂ ಅಡ್ಡಿ. ಇನ್ನು ಕೊಡಬೇಡ. ಪೂರ್ತಿ ಗುಣ ಆಗಲ್ಲಮ್ಮ… ದಿನ ಬಿಟ್ಟು ದಿನ ಡ್ರಿಪ್ ಹಾಕಿದ್ರೆ, ಇರೋಷ್ಟು ದಿನ ನೆಮ್ಮದಿಯಾಗಿರುತ್ತೆ.”

ಅಯ್ಯೋ, ನನ್ನ ಕೈಯಾರೆ! ನಟರಾಜನ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ.

ದಿನ ಬಿಟ್ಟು ದಿನ ಬೆಳಿಗ್ಗೆ ಡ್ರಿಪ್‌ಗೆ ಕರೆದೊಯ್ಯಲು ಅವಳ ಮನೆಯ ಮುಂದೆ ಅವನ ಬೈಕ್ ಬಂದು ನಿಲ್ಲುತ್ತಿತ್ತು. ಎರಡು ವಾರದಲ್ಲಿ ವಸಡಿನ ರಕ್ತ ನಿಂತಿತು. ಜೋಗಿ ಅನ್ನ ಮುಟ್ಟಿತು.

ಆದರೆ ಅಂದು ಅವಳು ಕೂಗಿದ ಮಾತು ಊರೆಲ್ಲಾ ಸುತ್ತಿತ್ತು. ಮೇಕೆ ಮೇಯಿಸುವವರು ಅವನ ಹೊಲ ತಪ್ಪಿಸಿ ಸುತ್ತಿಕೊಂಡು ಹೋಗುತ್ತಿದ್ದರು. ಕಳೆ ಕೀಳಲು ಯಾರೂ ಬರಲಿಲ್ಲ. ಜೋಳ ಕಳೆಯಲ್ಲಿ ಮುಚ್ಚಿಹೋಗುತ್ತಿತ್ತು. ‘ಹಾಸನೂರಿಗೇ ವಾಪಸ್ ಹೊರಡು’ ಎಂದಿದ್ದ ಸೋದರಮಾವ.

“ನಿಜ ಯೋಳ್ಬೋದಾಗಿತ್ತಲ್ಲ ನೀವು?” ಒಂದು ಸಂಜೆ ಮೇಘ ಅವನನ್ನು ಕೇಳಿದಳು.

“ಮಾತ್ರೆ ನಿಮ್ಮವ್ವಂದು ಅಂದ್ರೆ ಅವ್ರು ಕೊರಗ್ತರೆ. ನಾನು ಊರು ಬುಟ್ರೆ ಮುಗೀತು ಬುಡಿ.”

ಮರುದಿನ ಬೆಳಿಗ್ಗೆ ಹಾಲಿನ ಡೈರಿಯ ಸಾಲಿನಲ್ಲಿ ಅವ್ವ ಗುರುಲಿಂಗಮ್ಮನ ಜೊತೆ ಮೇಘ ನಿಂತಿದ್ದಳು.

“ಏನವ್ವ ಮೇಘ, ವಿಷ ಇಕ್ಕಿದವ್ನ ಗಾಡೀಲೇ ಮೆರವಣಿಗೆಯಾ?” ಕೆಣಕಿದಳು ಪಕ್ಕದ ಮನೆಯ ವಿಶಾಲಾಕ್ಷಮ್ಮ.

ಮೇಘ ಸಾಲಿಗೆಲ್ಲ ಕೇಳುವಂತೆ ದನಿ ಎತ್ತಿದಳು.

“ಅವ್ರು ಇಕ್ಕಿಲ್ಲ ದೊಡ್ಡವ್ವ. ಜೋಗಿಗೆ ಕಿಡ್ನಿ ಕಾಯ್ಲೆ. ತಿಳೀದೆ ಮಾತ್ರೆ ಕೊಟ್ಟು ಎಚ್ಚು ಮಾಡ್ದೋಳು ನಾನು. ಬೈಯದಾದ್ರೆ ನನ್ನ ಬಯ್ರಿ!”

ಗುರುಲಿಂಗಮ್ಮ ಕ್ಯಾನು ಕೆಳಗಿಟ್ಟಳು. “ನನ್ ಮಾತ್ರೆಯಾ?”

“ಊ ಕಣವ್ವ… ತಪ್ಪು ನಂದು, ನಿಂದಲ್ಲ.”

ಅವ್ವ ಸೆರಗಿನಿಂದ ಮಗಳ ಕೆನ್ನೆ ಒರೆಸಿದಳು. “ಒಳ್ಳೇದಾಗ್ಲಿ ಅಂತ ತಾನೇ ಕೊಟ್ಟೆ… ಅಳಬ್ಯಾಡ ಬುಡು.”

ವಿಶಾಲಾಕ್ಷಮ್ಮ ಕೆಮ್ಮಿದಳು. “ಅಂಗಾರೆ ನಾಳಿಂದ ಆ ಅಯ್ಯನ ಒಲಕ್ಕೆ ಕಳೆ ಕೀಳಕ್ಕೆ ನಾವೇ ಬತ್ತೀವಿ. ಊಟ ಮಾತ್ರ ಚೆಂದಾಗಿರ್ಬೇಕು ಅನ್ನು!”

ಸಂಜೆ ಮೇಘ ಅವನ ಹೊಲಕ್ಕೆ ಬಂದಳು. ನಿಧಾನವಾಗಿ ಹಿಂದೆ ಬಂದ ಜೋಗಿ ಬದುವಿನ ಮೇಲೆ ಮಲಗಿತು.

“ನನ್ ಮ್ಯಾಲೆ ಕ್ವಾಪ ಇತ್ತಾ?”

“ಮೊದಲ್ನೇ ದಿನ ಇತ್ತು. ಆಮೇಲೆ ಡ್ರಿಪ್ ಬಾಟ್ಲು ಎತ್ತಿ ಇಡ್ಕಂಡು ಅರ್ಧ ಗಂಟೆ ಕೈ ಇಳಿಸ್ದೆ ನಿಂತಿದ್ರಲ್ಲ… ಆವತ್ತೇ ಓಗ್ಬುಡ್ತು.”

“ಬರೀ ಕ್ವಾಪ ಓಯ್ತಾ?”

ಅವನ ಕಿವಿ ಕೆಂಪಾಯಿತು. “ನಿದ್ದೇನೂ ಓಯ್ತು.”

ಮೇಘ ನಕ್ಕಳು. ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿತ್ತು.

“ನಾಳೀಕೆ ಮನೆ ತಾವ್ಕೆ ಬನ್ನಿ.”

“ನಾಳೀಕೆ ಡ್ರಿಪ್ ಇಲ್ವಲ್ಲ?”

“ಗೊತ್ತು… ಅದ್ಕೇ ಬನ್ನಿ ಅಂತಿರದು.”