ಗೆರೆಯ ಈಚೆ ನಿಂತ ಅಜ್ಜಿ

"ಸೊನ್ನೆ! ನಿಮ್ಮಜ್ಜಿ ಹಾಕಿದ್ದು ದೊಡ್ಡ ಸೊನ್ನೆ!"

ಗ್ರೇಡಿ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಬಳೆ ಮಾಡಿ, ಅದರೊಳಗಿಂದ ಮಾರೆನ್‌ಳನ್ನು ಇಣುಕಿ ನೋಡಿದ. ಶಾಲೆಯ ಊಟದ ಮೇಜಿನ ಸುತ್ತ ಕೂತವರೆಲ್ಲ ನಕ್ಕರು.

"ಸುಳ್ಳು ಹೇಳ್ಬೇಡ್ವೋ," ಎಂದಳು ಮಾರೆನ್.

"ಸುಳ್ಳು ಯಾಕೆ ಹೇಳ್ಲಿ? ನಮ್ಮ ತಾತ, ನಿಮ್ಮಜ್ಜಿ ಒಂದೇ ಹೈಸ್ಕೂಲು. ತಾತ ಎಲ್ಲಾ ಮ್ಯಾಚೂ ನೋಡಿದಾರಂತೆ. ನಿಮ್ಮಜ್ಜಿ ಒಂದು ಬಾಸ್ಕೆಟ್ಟೂ ಹಾಕಿಲ್ವಂತೆ. ಇವತ್ತು ಸಂಜೆ ಎಲ್ಲರೆದುರು ಶಾಟ್ ಹೊಡೀತಾರಲ್ಲ, ನೋಡೋಣ!"

ಮಾರೆನ್‌ಳ ಅಜ್ಜಿಯ ಹೆಸರು ಲವಾನ್. ಆದರೆ ಅಮೆರಿಕದ ಅಯೋವಾ ರಾಜ್ಯದ ಆ ಪುಟ್ಟ ಊರಿನಲ್ಲಿ ಪೋಸ್ಟ್‌ಮ್ಯಾನ್‌ನಿಂದ ಪಾದ್ರಿಯವರೆಗೆ ಎಲ್ಲರಿಗೂ ಅವರು 'ಕೋಚ್'. ಅಲ್ಲಿನ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮ್ ಅವರು ಕಟ್ಟಿದ್ದೇ. ಇವತ್ತು ಕೋಚ್ ಆಗಿ ಅವರ ಕೊನೆಯ ಮ್ಯಾಚ್. ಅದು ಮುಗಿದ ಮೇಲೆ, ಬೀಳ್ಕೊಡುಗೆಯ ನೆನಪಿಗೆ, ಅಜ್ಜಿ ಒಂದು ಬಾಸ್ಕೆಟ್ ಹಾಕಬೇಕು. ಚೆಂಡು ತಂದುಕೊಡುವವಳು ಮಾರೆನ್.

ಬೆಳಿಗ್ಗೆಯವರೆಗೂ ಖುಷಿಗೆ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಈಗ ಅವಳು ಊಟದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

ಸಂಜೆ ಹಿಮ ಸರಿಸಿದ ರಸ್ತೆಯಲ್ಲಿ ಅಜ್ಜಿಯ ಹಳೆಯ ಪಿಕಪ್ ಟ್ರಕ್ ಹೊರಟಿತು.

"ಅಜ್ಜೀ, ಮಂಡಿ ನೋವು ಅಂದ್ಬಿಡು. ಶಾಟ್ ಹೊಡೀಬೇಡ."

"ಮಂಡಿ ನೋವೇನೋ ನಿಜಾನೇ. ಯಾಕೆ ಪುಟ್ಟಿ?"

ಮಾರೆನ್ ಕೈಗವಸಿನ ದಾರ ಎಳೆಯುತ್ತಾ ಕೇಳಿದಳು. "ನೀನು ಒಂದು ಬಾಸ್ಕೆಟ್ಟೂ ಹಾಕಿಲ್ವಂತೆ, ಹೌದಾ?"

ಅಜ್ಜಿ ನಕ್ಕ ರಭಸಕ್ಕೆ ಟ್ರಕ್ಕಿನ ಗಾಜು ಮಂಜಾಯಿತು. "ಒಂದೂ ಇಲ್ಲ! ಗ್ರೇಡಿ ತಾತ ತಾನೇ ಹೇಳಿದ್ದು? ಮುದುಕನ ನೆನಪು ಇನ್ನೂ ಗಟ್ಟಿಯಾಗೇ ಇದೆ."

"ಯಾಕೆ ಹಾಕ್ಲಿಲ್ಲ?"

"ಆಗ ಹುಡುಗೀರದು ಆರು ಜನರ ಆಟ. ಕೋರ್ಟಿನ ಮಧ್ಯೆ ಒಂದು ಗೆರೆ. ಮೂವರು ಈಚೆ, ಮೂವರು ಆಚೆ. ಗೆರೆ ದಾಟೋ ಹಾಗಿಲ್ಲ. ಚೆಂಡನ್ನ ಎರಡು ಸಲಕ್ಕಿಂತ ಜಾಸ್ತಿ ಪುಟಿಸೋ ಹಾಗಿಲ್ಲ. ಬಾಸ್ಕೆಟ್ ಹಾಕೋರು ಆಚೆಯವರು. ನಾನು ಈಚೆ ಗಾರ್ಡು. ಎದುರಾಳಿ ಕೈಯಿಂದ ಚೆಂಡು ಕಿತ್ಕೊಂಡು, ಗೆರೆ ತನಕ ತಂದು, ಆಚೆ ಕೊಡ್ತಿದ್ದೆ. ಅಷ್ಟೇ."

"ಇದೆಂಥ ಆಟ!"

"ಕೋರ್ಟ್ ತುಂಬಾ ಓಡಿದ್ರೆ ಹುಡುಗೀರಿಗೆ ಸುಸ್ತಾಗತ್ತೆ ಅಂತಿದ್ರು ದೊಡ್ಡೋರು. ರಜೇಲಿ ಜೋಳದ ಹೊಲದಲ್ಲಿ ದಿನವಿಡೀ ದುಡಿಸೋವಾಗ ಆ ಮಾತು ಯಾರಿಗೂ ನೆನಪಾಗ್ತಿರಲಿಲ್ಲ." ಅಜ್ಜಿ ಗಾಜು ಒರೆಸಿದರು. "ಕಾಲೇಜಿಗೆ ಬಂದೆ. ಅಲ್ಲಿ ನಮಗೆ ಟೀಮೇ ಇಲ್ಲ. ಓದು ಮುಗಿಸಿ ನಾನೇ ಒಂದು ಕಟ್ಟಿದೆ. ವ್ಯಾನ್ ಓಡ್ಸೋದೂ ನಾನೇ, ಜರ್ಸಿ ಒಗೆಯೋದೂ ನಾನೇ."

"ಇವತ್ತು ಮಿಸ್ ಆದ್ರೆ?"

"ಎಲ್ರೂ ನಗ್ತಾರೆ. ನಾನೂ ನಗ್ತೀನಿ."

ಮಾರೆನ್‌ಗೆ ಮಾತ್ರ ನಗು ಬರಲಿಲ್ಲ.

ಕಾಲೇಜಿನ ಜಿಮ್‌ನಲ್ಲಿ ನಡೆದ ಮ್ಯಾಚ್‌ನಲ್ಲಿ ಅಜ್ಜಿಯ ಟೀಮ್ ಗೆದ್ದಿತು. ಅಜ್ಜಿ ಹಿಂದೆ ಕಲಿಸಿದ ಹುಡುಗಿಯರೆಲ್ಲ ಗ್ಯಾಲರಿಯಿಂದ ಇಳಿದು ಬಂದರು. ಕೆಲವರ ಕಂಕುಳಲ್ಲಿ ಮಕ್ಕಳಿದ್ದರು, ಕೆಲವರ ತಲೆ ನರೆತಿತ್ತು. ಮುಂದಿನ ಸಾಲಿನಲ್ಲಿ ಗ್ರೇಡಿ, ಅಲ್ಲಿನ ಮ್ಯಾಚುಗಳ ರೂಢಿಯಂತೆ, ಚಿಪ್ಸ್ ಪೊಟ್ಟಣದೊಳಕ್ಕೇ ಖೀಮಾ ಸುರಿಸಿಕೊಂಡು ತಿನ್ನುತ್ತಿದ್ದ.

"ಕೋಚ್! ಒಂದು ಶಾಟ್!" ಜನ ಕೂಗಿದರು.

ಮಾರೆನ್ ಚೆಂಡು ಕೊಟ್ಟಳು. ಅಜ್ಜಿ ಬಗ್ಗಿ ಪಿಸುಗುಟ್ಟಿದರು. "ಗೆರೆ ಆಚೆ ಹೋಗಿ ಬಾಸ್ಕೆಟ್ ಹತ್ರ ನಿಂತ್ಕೋ."

ಆಮೇಲೆ ಅಜ್ಜಿ ಚೆಂಡನ್ನು ಎರಡು ಸಲ ಪುಟಿಸಿ ಮಧ್ಯದ ಗೆರೆಗೆ ಬಂದು ನಿಂತರು. ಶೂಗಳ ತುದಿ ಗೆರೆಯ ಈಚೆಗೇ ಇತ್ತು.

"ಡಾರ್ಲಾ!" ಅಜ್ಜಿ ಕೂಗಿದರು.

ನರೆಗೂದಲಿನ ಡಾರ್ಲಾ ಅಜ್ಜಿಯ ಮೊದಲ ಟೀಮಿನವರು. ಈಗ ಅವರೂ ಬೇರೊಂದು ಕಾಲೇಜಿನ ಕೋಚ್. ಕೋಟು ಕಿತ್ತೆಸೆದು ಗೆರೆಯಾಚೆ ಓಡಿ, ಅಜ್ಜಿ ಎಸೆದ ಚೆಂಡು ಹಿಡಿದರು. "ಯೆಸೆನಿಯಾ, ತಗೋ!" ಪೊಲೀಸ್ ಯೂನಿಫಾರ್ಮಿನ ಯೆಸೆನಿಯಾ ಹಿಡಿದು ಮುಂದಕ್ಕೆ ಕೊಟ್ಟಳು. ಚೆಂಡು ಒಂದು ಕೈಯಿಂದ ಇನ್ನೊಂದು ಕೈಗೆ ಹಾರಿ, ಹಾರಿ, ಕೊನೆಗೆ ಮಾರೆನ್‌ಳ ಎದೆಗೆ ಬಂದು ತಾಗಿತು. ಅಷ್ಟೂ ಕೈಗಳ ಬಿಸಿ ಅದರಲ್ಲಿತ್ತು.

ಅವಳು ಎಸೆದಳು. ಠಣ್! ಚೆಂಡು ಬಾಸ್ಕೆಟ್ಟಿನ ಕಬ್ಬಿಣದ ಬಳೆಗೆ ಬಡಿದು ಹೊರಬಿತ್ತು.

ಎಲ್ಲರೂ ನಕ್ಕರು. ಅಜ್ಜಿ ಎಲ್ಲರಿಗಿಂತ ಜೋರಾಗಿ ನಕ್ಕರು. ಮಾರೆನ್‌ಗೂ ನಗು ಬಂತು. ಡಾರ್ಲಾ ಆಗಲೇ ಚೆಂಡು ಹಿಡಿದು ವಾಪಸ್ ತಂದಿದ್ದರು. "ಮೊಣಕಾಲು ಬಗ್ಸು ಮರೀ. ನಿಮ್ಮಜ್ಜಿ ನನಗೆ ಇದನ್ನೇ ಸಾವಿರ ಸಲ ಹೇಳಿದಾರೆ."

ಮಾರೆನ್ ಮೊಣಕಾಲು ಬಗ್ಗಿಸಿದಳು. ಈ ಸಲ ಬಲೆ ಸರ್ರೆಂದಿತು.

ಗದ್ದಲದ ನಡುವೆ ಗ್ರೇಡಿ ಪಕ್ಕಕ್ಕೆ ಬಂದ. "ಕೊನೆಗೂ ನಿಮ್ಮಜ್ಜಿ ಹಾಕಲೇ ಇಲ್ಲ! ಇನ್ನೂ ಸೊನ್ನೇನೇ!"

"ಹೂಂ ಕಣೋ," ಎಂದಳು ಮಾರೆನ್, ಕತ್ತೆತ್ತಿ. "ಸೊನ್ನೇನೇ."

ಅವಳು ಹೆಬ್ಬೆರಳು ತೋರುಬೆರಳು ಸೇರಿಸಿ ಕಣ್ಣಿಗೆ ಹಿಡಿದಳು. ಬಳೆಯೊಳಗೆ ಅಜ್ಜಿ ಕಂಡರು. ಅವರನ್ನು ಅಪ್ಪಿಕೊಂಡ ಡಾರ್ಲಾ ಕಂಡರು, ಯೆಸೆನಿಯಾಳ ಒಂದು ತೋಳು ಕಂಡಿತು. ಉಳಿದವರು ಹಿಡಿಸಲಿಲ್ಲ. ಮಾರೆನ್ ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು ಹೆಜ್ಜೆ ಸರಿದಳು. ಗೋಡೆಗೆ ಬೆನ್ನು ತಾಗಿದರೂ ಅವರೆಲ್ಲ ಆ ಸೊನ್ನೆಯೊಳಗೆ ಹಿಡಿಸಲೇ ಇಲ್ಲ.