ಗಸ್‌ನ ಪುಸ್ತಕದ ಕೊನೆಯ ಸಾಲು

ಗಸ್ ಪೆಲ್ಟಿಯರ್‌ನ ಹೆಣವನ್ನು ಮೊದಲು ಕಂಡವಳು ನಾನೇ. ಜುಲೈ ಹದಿನೈದರ ಮಧ್ಯಾಹ್ನ, ದಿನವೂ ಒಯ್ಯುವಂತೆ ಅವನಿಗೆ ಕಾಫಿ ಹಿಡಿದುಕೊಂಡು ನೆಲಮಾಳಿಗೆಯ ಚಿಕಿತ್ಸಾ ಕೋಣೆಗೆ ಇಳಿದಿದ್ದೆ. ನಾನು ಮೇಜು ಬಿಟ್ಟು ಏಳುವಾಗ ಟಿವಿಯವನು "ಗಡುವಿಗೆ ಇನ್ನು ಎರಡೇ ಗಂಟೆ ಉಳಿದಿದೆ" ಎಂದು ಉತ್ಸಾಹದಿಂದ ಕೂಗುತ್ತಿದ್ದ. ಗಸ್ ತನ್ನ ಮೇಜಿನ ಪಕ್ಕದಲ್ಲಿ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಕಸರತ್ತಿನ ಕಬ್ಬಿಣದ ಡಂಬೆಲ್ ಒಂದು ಹತ್ತಿರದಲ್ಲೇ ಉರುಳಿತ್ತು. ಓಡಲು ತಿರುಗಿದಾಗ ಬಾಗಿಲ ಮೇಲಿನ ಗಡಿಯಾರ ಕಣ್ಣಿಗೆ ಬಿತ್ತು. ಎರಡು ದಾಟಿ ಒಂದು ನಿಮಿಷ.

ಹಾಲ್‌ಫರ್ಡ್ ಆಂಕರ್ಸ್ ಅಮೆರಿಕನ್ ಫುಟ್‌ಬಾಲ್ ತಂಡದ ಕಚೇರಿಯ ಮುಂಬಾಗಿಲಲ್ಲಿ ಮೂವತ್ತೊಂದು ವರ್ಷ ಕೂತವಳು ನಾನು, ವರ್ನಾ ಲಿಂಡ್‌ಕ್ವಿಸ್ಟ್. ಆಟಗಾರರ ನೋವು ಉಳುಕುಗಳನ್ನು ನೋಡಿಕೊಳ್ಳುತ್ತಿದ್ದ ಗಸ್ ನನಗಿಂತಲೂ ಹಳಬ. ಚಳಿಗಾಲದಲ್ಲಿ ಹೊಸ ಹುಡುಗರ ಟವೆಲುಗಳನ್ನು ಬೆಚ್ಚಗೆ ಮಾಡಿ ಇಡುತ್ತಿದ್ದವನು. ಅವತ್ತೂ ಒಂದೂ ಹತ್ತಕ್ಕೆ ಮೇಲೆ ಬಂದು, ತನ್ನ ತೋಟದ ಎರಡು ಟೊಮೇಟೊ ನನ್ನ ಮೇಜಿನ ಮೇಲಿಟ್ಟು ಹೋಗಿದ್ದ.

ಪೊಲೀಸರಿಗೆ ಫೋನು ಮಾಡಿದ ಮೇಲೆ ನಾನು ಮನೆಗೆ ಫೋನು ಮಾಡಿದೆ. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಅಡಿಲೇಡ್ ಬಾಯ್ಕಿನ್ ಜಿಲ್ಲೆಯ ಸಾವುಗಳ ತನಿಖೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತಳಾದವಳು. ಊರಿನ ಎಷ್ಟೋ ಬಿಡಿಸಲಾಗದ ಪ್ರಕರಣಗಳು ಆಮೇಲೂ ನಮ್ಮ ಅಡುಗೆಮನೆಯ ಮೇಜಿಗೇ ಬರುತ್ತಿದ್ದವು.

"ಅಳಬೇಡ ಕಣೇ, ಮೊದಲು ಕೂತ್ಕೊ. ಯಾರೂ ಏನೂ ಮುಟ್ಟದ ಹಾಗೆ ನೋಡ್ಕೊ. ಬಂದೆ," ಎಂದಳು.

ಅವಳು ಬರುವಷ್ಟರಲ್ಲಿ ಪೊಲೀಸ್ ಲೆಫ್ಟಿನೆಂಟ್ ಬ್ರಾಂಟ್, ಟೇವಿಯನ್ ಲೂಮಿಸ್‌ನ ಕೈಗೆ ಕೋಳ ತೊಡಿಸಿಯಾಗಿತ್ತು. ಟೇವಿಯನ್ ನಮ್ಮ ಕ್ವಾರ್ಟರ್‌ಬ್ಯಾಕ್, ಇಪ್ಪತ್ತಾರು ವರ್ಷದವನು. ಇಡೀ ತಂಡ ಆಡುವುದೇ ಅವನ ಎಸೆತದ ಮೇಲೆ. ಅವನ ಒಪ್ಪಂದದ ಗಡುವು ಅವತ್ತೇ, ಸಂಜೆ ನಾಲ್ಕಕ್ಕೆ. ಅಷ್ಟರೊಳಗೆ ದೀರ್ಘ ಒಪ್ಪಂದಕ್ಕೆ ಸಹಿ ಬಿದ್ದರೆ ಐದು ವರ್ಷ ಗಾಯವಾದರೂ ಸಂಬಳ ಖಾತರಿ. ಬೀಳದಿದ್ದರೆ ತಂಡ ಅವನನ್ನು ಒಂದೇ ಒಂದು ವರ್ಷಕ್ಕೆ ಕಟ್ಟಿಹಾಕಿಕೊಳ್ಳಬಹುದು. ಆಮೇಲೆ ಅವನು ಬದುಕಿದನೋ ಕುಂಟಿದನೋ ಯಾರೂ ಕೇಳುವಂತಿಲ್ಲ. ಮ್ಯಾನೇಜರ್ ರಾಯ್ಸ್ ಹೇವರ್‌ಕ್ಯಾಂಪ್ ಮಾರ್ಚಿನಿಂದಲೂ ಇವತ್ತು ನಾಳೆ ಎಂದು ಮಾತುಕತೆಯನ್ನು ಎಳೆಯುತ್ತಲೇ ಬಂದಿದ್ದ.

"ಬೆಳಿಗ್ಗೆ ಹನ್ನೊಂದಕ್ಕೆ ಇವನು ಗಸ್ ಮೇಲೆ ಕಿರುಚಾಡಿದ್ದು ಮೇಲಿನ ಮಹಡಿಗೂ ಕೇಳಿಸಿದೆ," ಎಂದ ಬ್ರಾಂಟ್. "ಚಿಕಿತ್ಸೆ ಪುಸ್ತಕದಲ್ಲಿ ಕೊನೆಗೆ ಇರೋದೂ ಇವನ ಹೆಸರೇ. ನೋಡಿ ಮೇಡಂ."

ಗಸ್ ಯಾರಿಗೆ ಏನು ಮಾಡಿದರೂ ಗಡಿಯಾರ ನೋಡಿ, ಪೆನ್ಸಿಲಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿಡುತ್ತಿದ್ದ. ಕೊನೆಯ ಸಾಲು ಹೀಗಿತ್ತು: 2:05, ಲೂಮಿಸ್, ಕುತ್ತಿಗೆಗೆ ಬಿಸಿ ಶಾಖ.

"ಎರಡೂ ಐದಾ?" ಅಡಿಲೇಡ್ ಹುಬ್ಬೇರಿಸಿದಳು.

"ಅದು ಕೋಚ್ ಟೈಮು ಮೇಡಂ. ಹೇವರ್‌ಕ್ಯಾಂಪ್ ಹೇಳಿದ್ರು. ನಿಜವಾದ ಟೈಮು ಒಂದೂ ಐವತ್ತು."

ಅದು ನಿಜ. ಯಾರೂ ಯಾವುದಕ್ಕೂ ತಡವಾಗಬಾರದೆಂದು ನಮ್ಮ ಕೋಚ್ ನೆಲಮಾಳಿಗೆಯ ಗಡಿಯಾರಗಳನ್ನೆಲ್ಲ ಹದಿನೈದು ನಿಮಿಷ ಮುಂದಿಡಿಸಿದ್ದ. ಒಂಬತ್ತು ವರ್ಷದಿಂದ ಹಾಗೇ. ಕೆಳಗಿನ ಸಮಯ ಹೇಳುವಾಗ ಹದಿನೈದು ಕೂಡಿಸುವುದು, ಮೇಲೆ ಬಂದಾಗ ಕಳೆಯುವುದು ತಂಡದವರಿಗೆಲ್ಲ ಉಸಿರಾಟದಷ್ಟು ರೂಢಿ. ಮಹಡಿಯ ಕಚೇರಿಗಳಲ್ಲಿ, ನನ್ನ ಮೇಜಿನಲ್ಲಿ ಮಾತ್ರ ಲೋಕದ ಸಮಯ.

ಕೋಚ್ ರಜೆಯಲ್ಲಿದ್ದ, ಉಳಿದ ಆಟಗಾರರು ಊರಲ್ಲಿರಲಿಲ್ಲ. ಗೇಟಿನವನ ಪ್ರಕಾರ ಅವತ್ತು ಕಟ್ಟಡದಲ್ಲಿದ್ದವರು ಆರೇ ಜನ: ಗಸ್, ನಾನು, ಟೇವಿಯನ್, ಮ್ಯಾನೇಜರ್, ಮಾಲೀಕ ಹಿರಿಯ ಸ್ಟ್ರಾಂಡ್, ಮತ್ತು ಟೇವಿಯನ್‌ನ ಪರವಾಗಿ ಮಾತಾಡಲು ಬಂದಿದ್ದ ಏಜೆಂಟ್ ಡೆನೀಸ್ ಕ್ವಿಲ್. ಸ್ಟ್ರಾಂಡ್ ಮತ್ತು ಡೆನೀಸ್ ಒಂದು ಗಂಟೆಯಿಂದ ಒಟ್ಟಿಗೇ ಮಾಲೀಕನ ಕೋಣೆಯಲ್ಲಿದ್ದರು. ಹೇವರ್‌ಕ್ಯಾಂಪ್ ಒಂದೂ ನಲವತ್ತೈದಕ್ಕೆ ಅವರನ್ನು ಸೇರಿಕೊಂಡ. ಅಲ್ಲಿಯ ತನಕ ತನ್ನ ಕೋಣೆಯಲ್ಲಿ ಒಬ್ಬನೇ ಕಾಗದ ಓದುತ್ತಿದ್ದೆ ಎಂದ. ನಾನು ಕಿರುಚುವ ತನಕ ಮೂವರೂ ಅಲ್ಲಿಂದ ಕದಲಿರಲಿಲ್ಲ.

ಅಡಿಲೇಡ್ ಟೇವಿಯನ್‌ನ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಜಗಳ ಯಾಕಪ್ಪಾ?"

"ಅವನು ಏನೋ ಮುಚ್ಚಿಡ್ತಿದ್ದ ಮೇಡಂ. ತಿಂಗಳಿಂದ ನನ್ನ ಕುತ್ತಿಗೆ ಮುಟ್ಟಿದಾಗೆಲ್ಲ ಮುಖ ಆ ಕಡೆ ಮಾಡ್ತಿದ್ದ. ಏನಾಗಿದೆ ಹೇಳೋ ಮುದುಕಾ ಅಂತ ಕೂಗಿದೆ. ಅವನು ಸ್ಟೂಲ್ ಹತ್ತಿ ಗೋಡೆ ಕಡೆ ತಿರುಗಿ ಏನೋ ಮಾಡ್ತಾ, 'ಮಧ್ಯಾಹ್ನ ಹೇಳ್ತೀನಿ ಮಗಾ, ಸಹಿ ಹಾಕೋಕೆ ಮುಂಚೆ. ಇನ್ನೊಬ್ಬರಿಗೆ ತಾವೇ ಹೇಳೋಕೆ ಒಂದು ಅವಕಾಶ ಕೊಡಬೇಕು' ಅಂದ."

"ಆಮೇಲೆ ಕೆಳಗೆ ಹೋಗಿಲ್ವಾ?"

"ಇಲ್ಲ. ಮಿಸ್ ವರ್ನಾ ಹತ್ರ ಇದ್ದೆ. ಆಮೇಲೆ ಕಾರಲ್ಲಿ ಒಬ್ಬನೇ ಕೂತಿದ್ದೆ."

"ನನ್ನ ಹತ್ತಿರ ಇದ್ದದ್ದು ಒಂದೂ ಹತ್ತರಿಂದ ಒಂದೂ ನಲವತ್ತೈದು," ಎಂದೆ. "ನೀರಿನ ದೊಡ್ಡ ಬಾಟಲಿ ನಾನು ಎತ್ತುತ್ತಿದ್ದದ್ದು ನೋಡಿ ತಾನೇ ಹಾಕಿಕೊಟ್ಟ. ಹಾಗೇ ಕೂತು ತನ್ನ ಅಮ್ಮನ ವಿಷಯ ಮಾತಾಡಿದ."

ಬ್ರಾಂಟ್ ಮೆಲ್ಲಗೆ ತಲೆಯಾಡಿಸಿದ. "ಒಂದೂ ಐವತ್ತಕ್ಕೆ ಗಸ್ ಬದುಕಿದ್ದ ಅಮ್ಮಾ. ನಿಮ್ಮ ಮಾತು ನಿಜ ಆದ್ರೂ ಅದು ಇವನಿಗೆ ಉಪಯೋಗ ಇಲ್ಲ."

ಅಡಿಲೇಡ್ ನನ್ನನ್ನು ಕಿಟಕಿಯ ಬಳಿಗೆ ಕರೆದೊಯ್ದಳು. "ಬೆಳಗಿನಿಂದ ಗಸ್ ನಿನ್ನ ಹತ್ರ ಆಡಿದ ಒಂದೊಂದು ಮಾತೂ ಹೇಳು. ಕೆಲಸಕ್ಕೆ ಬಾರದ್ದನ್ನೇ ಮೊದಲು ಹೇಳು."

ನೆನಪಿಸಿಕೊಂಡು ಹೇಳಿದೆ. ಟೊಮೇಟೊ. ಅವನ ಮಂಡಿನೋವು. ಹನ್ನೊಂದರ ಸುಮಾರಿಗೆ ಕೆಳಗಿನಿಂದ ಫೋನು ಮಾಡಿ, "ವರ್ನಾ, ನಿನ್ನ ಮೇಜಿನ ಗಡಿಯಾರದಲ್ಲಿ ಎಷ್ಟಾಯ್ತು, ಸರಿಯಾಗಿ ಹೇಳು" ಎಂದು ಕೇಳಿದ್ದ. ಟಿವಿಯವನ ಮಾತು, ಹೆಣ ಕಂಡಾಗ ಗಡಿಯಾರದಲ್ಲಿದ್ದ ಹೊತ್ತು, ಅದನ್ನೂ ಹೇಳಿದೆ. ಅಡಿಲೇಡ್ ನನ್ನ ಕೈ ಒತ್ತಿದಳು. ಬ್ರಾಂಟ್‌ನ ಕಿವಿಯಲ್ಲಿ ಏನೋ ಹೇಳಿ, ಅವನಿಂದ ಊರಿನ ಆಸ್ಪತ್ರೆಗೆ ಫೋನು ಮಾಡಿಸಿದಳು.

ಮೂರೂವರೆಗೆ ಮಾಲೀಕನ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಉದ್ದನೆಯ ಮೇಜಿನ ಮೇಲೆ ಸಹಿ ಬೀಳದ ಒಪ್ಪಂದ ಬಿದ್ದಿತ್ತು. ಕೋಳ ತೊಟ್ಟ ಕೈಗಳನ್ನು ಟೇವಿಯನ್ ತೊಡೆಯ ಮೇಲಿಟ್ಟುಕೊಂಡಿದ್ದ.

"ಅರ್ಧ ಗಂಟೆ ಇದೆ, ಹುಡುಗನ ಕೈಗೆ ಬೇಡಿ ಇದೆ," ಡೆನೀಸ್ ಸಿಡುಕಿದಳು. "ಇದು ನಿಮ್ಮವರಿಗೆ ಅನುಕೂಲವೇ ಅಲ್ವಾ, ರಾಯ್ಸ್?"

"ಮನುಷ್ಯ ಸತ್ತಿದಾನೆ ಡೆನೀಸ್. ಸ್ವಲ್ಪ ಮರ್ಯಾದೆ ಇರಲಿ," ಎಂದ ಹೇವರ್‌ಕ್ಯಾಂಪ್.

ಅಡಿಲೇಡ್ ಅವನತ್ತ ತಿರುಗಿದಳು. "ಚಿಕಿತ್ಸಾ ಕೋಣೆ ಗಡಿಯಾರ ಮುಂದಿದೆ ಅಂತ ಲೆಫ್ಟಿನೆಂಟ್‌ಗೆ ಹೇಳಿದ್ದು ನೀವಾ?"

"ಹೌದು, ಹದಿನೈದು ನಿಮಿಷ. ಇಡೀ ಕಟ್ಟಡಕ್ಕೇ ಗೊತ್ತು."

"ಕೊನೆಗೆ ನೋಡಿದ್ದು ಯಾವಾಗ?"

"ನಾನು ಕೆಳಗೆ ಇಳಿದೇ ಮೂರು ದಿನ ಆಯ್ತು."

ಬ್ರಾಂಟ್ ಒಂದು ಗಡಿಯಾರವನ್ನು ತಂದು ಮೇಜಿನ ಮೇಲಿಟ್ಟ. ನಾನು ಹೆಣ ಕಂಡಾಗ ಬಾಗಿಲ ಮೇಲಿದ್ದ ಅದೇ ಗಡಿಯಾರ. ಅಡಿಲೇಡ್ ಬೆರಳು ಮಾಡಿ ಗೋಡೆ ತೋರಿಸಿದಳು. ಮಾಲೀಕನ ಗಡಿಯಾರದಲ್ಲಿ ಮೂರೂ ಮೂವತ್ತೇಳು. ಇದರಲ್ಲೂ ಮೂರೂ ಮೂವತ್ತೇಳು.



"ಇವತ್ತು ಟೇವಿಯನ್ ನಾಲ್ಕರ ಗಡುವನ್ನ ತಪ್ಪು ಲೆಕ್ಕ ಹಾಕಬಾರದು ಅಂತ ಗಸ್ ಬೆಳಿಗ್ಗೆ ಸ್ಟೂಲ್ ಹತ್ತಿ ಇದನ್ನ ಸರಿ ಮಾಡಿದ. ಸರಿಯಾದ ಟೈಮು ವರ್ನಾಳನ್ನ ಕೇಳಿದ. ಟಿವಿಯವನು ನಾಲ್ಕಕ್ಕೆ ಎರಡೇ ಗಂಟೆ ಅಂದಾಗ ವರ್ನಾ ಮೇಲಿಂದ ಎದ್ದಳು, ಕೆಳಗೆ ಈ ಗಡಿಯಾರ ತೋರಿಸಿದ್ದೂ ಎರಡೂ ಒಂದೇ. ಮೇಲಿನ ಸಮಯದಲ್ಲೇ ಬದುಕೋ ವರ್ನಾಗೆ ಅದರಲ್ಲೇನೂ ವಿಚಿತ್ರ ಕಾಣಲಿಲ್ಲ," ಎಂದಳು ಅಡಿಲೇಡ್. "ಹಾಗಾದ್ರೆ ಗಸ್ ಈ ಗಡಿಯಾರ ನೋಡಿ ಎರಡೂ ಐದು ಅಂತ ಬರೆದದ್ದು ಹೇಗೆ? ಎರಡೂ ಒಂದಕ್ಕೆ ವರ್ನಾ ಅವನ ಹೆಣ ನೋಡಿದಾಳೆ."

ಸ್ಟ್ರಾಂಡ್ ನಿಧಾನವಾಗಿ ಕನ್ನಡಕ ತೆಗೆದ.

"ಆ ಸಾಲು ಗಸ್ ಬರೆದದ್ದಲ್ಲ. ಕೊಂದವನು ಬರೆದದ್ದು. ಒಂದೂ ಐವತ್ತಕ್ಕೆ ಗಸ್ ಬದುಕಿದ್ದ ಅಂತ ತೋರಿಸಬೇಕಿತ್ತು. ಅದಕ್ಕೆ ರೂಢಿಯಂತೆ ಹದಿನೈದು ಕೂಡಿಸಿದ. ಗಡಿಯಾರ ಬೆನ್ನ ಹಿಂದೆ, ಬಾಗಿಲ ಮೇಲಿತ್ತು. ತಿರುಗಿ ನೋಡಲಿಲ್ಲ, ಒಂಬತ್ತು ವರ್ಷದ ಅಭ್ಯಾಸ ನೋಡಿ. ಡೆನೀಸ್ ಹೊರಗಿನವರು, ಅವರಿಗೆ ಕೂಡಿಸೋ ಚಾಳಿ ಇಲ್ಲ. ಅವರೂ ಸ್ಟ್ರಾಂಡ್ ಅವರೂ ಒಂದು ಗಂಟೆಯಿಂದ ಒಬ್ಬರ ಕಣ್ಣೆದುರು ಒಬ್ಬರು. ಟೇವಿಯನ್ ಒಂದೂ ಐವತ್ತಕ್ಕೆ ಕಾರಲ್ಲಿ ಒಬ್ಬನೇ ಇದ್ದ. ತನಗೆ ಸಾಕ್ಷಿ ಇಲ್ಲದ ಹೊತ್ತನ್ನ, ತನ್ನದೇ ಹೆಸರು ಹಾಕಿ ಬರೀತಾನಾ? ಆ ಹೊತ್ತಿನಿಂದ ಲಾಭ ಇದ್ದವರು ಒಬ್ಬರೇ. ಒಂದೂ ನಲವತ್ತೈದರ ತನಕ ಕೋಣೆಯಲ್ಲಿ ಒಬ್ಬನೇ ಕಾಗದ ಓದ್ತಿದ್ದೆ ಅಂದವರು, ಆಮೇಲೆ ಇಬ್ಬರು ಸಾಕ್ಷಿಗಳ ನಡುವೆ ಬಂದು ಕೂತವರು."

"ಹುಚ್ಚು!" ಹೇವರ್‌ಕ್ಯಾಂಪ್ ಎದ್ದು ನಿಂತ. "ಗಸ್ ನನಗೆ ಏನು ಮಾಡಿದ್ದ? ನಾನು ಯಾಕೆ ಕೊಲ್ಲಲಿ?"

"ಅವನು ನಿಮಗೆ ಅವಕಾಶ ಕೊಟ್ಟಿದ್ದ," ಎಂದಳು ಅಡಿಲೇಡ್.

ಬ್ರಾಂಟ್ ಮಡಿಸಿದ ಹಾಳೆಯೊಂದನ್ನು ಬಿಚ್ಚಿದ. ಆಸ್ಪತ್ರೆಯಿಂದ ಈಗಷ್ಟೇ ಬಂದದ್ದು. ಜನವರಿಯಲ್ಲಿ ತೆಗೆದ ಕುತ್ತಿಗೆಯ ಸ್ಕ್ಯಾನಿನ ವರದಿ: ಮೂಳೆ ಸರಿದು ನರಕ್ಕೆ ಒತ್ತುತ್ತಿದೆ, ಇನ್ನೊಂದು ಪೆಟ್ಟು ಬಿದ್ದರೆ ಕುತ್ತಿಗೆಯ ಕೆಳಗೆ ಮೈಯೆಲ್ಲ ಜಡವಾಗಬಹುದು, ಆಡಬಾರದು. ಕೆಳಗೆ, ತಂಡದ ಪರವಾಗಿ ಪಡೆದುಕೊಂಡೆ ಎಂದು ರಾಯ್ಸ್ ಹೇವರ್‌ಕ್ಯಾಂಪ್‌ನ ಸಹಿ.

"ಜನವರಿ?" ಟೇವಿಯನ್ ಹಾಳೆಯತ್ತ ಬಾಗಿದ. "ಅದಾದ ಮೇಲೆ ನಾನು ಎರಡು ಆಟ ಆಡಿದೀನಿ."

"ನಿನ್ನ ಆಡಿಸಲೇಬೇಕಿತ್ತು ಅವರಿಗೆ," ಎಂದಳು ಅಡಿಲೇಡ್. "ಈಗ ಐದು ವರ್ಷದ ಖಾತರಿ ಕೊಡೋ ಹಾಗಿಲ್ಲ, ಕುತ್ತಿಗೆ ವಿಷಯ ಗೊತ್ತಲ್ಲ. ಬಿಟ್ಟುಕೊಟ್ರೆ ಊರು ಸುಮ್ಮನಿರಲ್ಲ. ಅದಕ್ಕೇ ನಾಲ್ಕು ಗಂಟೆ ದಾಟೋ ತನಕ ಎಳೆದು, ಇನ್ನೊಂದೇ ವರ್ಷ ಆಡಿಸಿ, ಎಲ್ಲಿಗೆ ಮುಗಿಯತ್ತೋ ಅಲ್ಲಿಗೆ ಬಿಡೋದು. ಗಸ್ ಬರೀ ಕೈಯಿಂದ ಮುಟ್ಟಿಯೇ ತಿಳ್ಕೊಂಡಿದ್ದ. ನೀವೇ ಹುಡುಗನಿಗೆ ಹೇಳಿ, ಇಲ್ಲಾಂದ್ರೆ ನಾನು ಹೇಳ್ತೀನಿ ಅಂತ ಇವರಿಗೆ ಅಂದ."

ಹೇವರ್‌ಕ್ಯಾಂಪ್ ಮತ್ತೆ ಕೂತ. ಮಾಲೀಕನನ್ನು ಮಾತ್ರ ನೋಡುತ್ತ, "ತಂಡಕ್ಕೋಸ್ಕರ ಸರ್," ಎಂದ. "ಎಷ್ಟು ಬೇಡಿಕೊಂಡೆ, ಒಂದು ದಿನ ತಡಿ ಅಂತ. 'ಆ ಹುಡುಗನಿಗೆ ಒಬ್ಬಳು ತಾಯಿ ಇದಾಳೆ ರಾಯ್ಸ್' ಅಂದು ಬೆನ್ನು ತಿರುಗಿಸಿದ."

ಬ್ರಾಂಟ್ ಟೇವಿಯನ್‌ನ ಕೋಳ ಬಿಚ್ಚಿ ಅದನ್ನೇ ಹೇವರ್‌ಕ್ಯಾಂಪ್‌ಗೆ ತೊಡಿಸಿ ಕರೆದುಕೊಂಡು ಹೋದ. ಹಿರಿಯ ಸ್ಟ್ರಾಂಡ್ ಒಪ್ಪಂದವನ್ನು ಮೆಲ್ಲಗೆ ಟೇವಿಯನ್‌ನ ಕಡೆಗೆ ತಳ್ಳಿದ.

"ಐದು ವರ್ಷ, ನೀವು ಕೇಳಿದ್ದಷ್ಟೂ. ನನ್ನ ಸಹಿ ಈಗಲೇ ಹಾಕ್ತೀನಿ. ನನಗೆ ನಾಚಿಕೆ ಆಗ್ತಿದೆ ಟೇವಿಯನ್."

"ಹಾಕೋ," ಡೆನೀಸ್ ಪಿಸುಗುಟ್ಟಿದಳು. "ಹತ್ತು ನಿಮಿಷ ಇದೆ. ಬೀಳಲಿ ಸಹಿ."

ಟೇವಿಯನ್ ಪೆನ್ನು ಎತ್ತಿಕೊಂಡ. "ಸರ್, ಹಾಕಿದ್ರೆ ಸೆಪ್ಟೆಂಬರಲ್ಲಿ ನನ್ನ ಆಡಿಸ್ತೀರಾ?"

ಸ್ಟ್ರಾಂಡ್ ಕಿಟಕಿಯ ಹೊರಗಿನ ಮೈದಾನ ನೋಡಿದ. "ಬೇರೆ ಡಾಕ್ಟರುಗಳನ್ನೂ ಕೇಳೋಣ," ಎಂದ ಕೊನೆಗೆ. "ಒಂದೊಂದು ಸಲ ಡಾಕ್ಟರುಗಳೂ ತಪ್ತಾರೆ."

ಹುಡುಗ ಪೆನ್ನನ್ನು ಹಾಳೆಯ ಪಕ್ಕಕ್ಕೆ ಇಟ್ಟ, ಸದ್ದಾಗದ ಹಾಗೆ. ಎದ್ದು ನನ್ನ ಬಳಿ ಬಂದ.

"ಮಿಸ್ ವರ್ನಾ, ಗಸ್‌ನ ಎಲ್ಲಿಗೆ ಕರ್ಕೊಂಡು ಹೋದ್ರು?"

"ಜಿಲ್ಲಾ ಶವಾಗಾರಕ್ಕಪ್ಪಾ."

"ಅವನಿಗೆ ಮನೆಯವರು ಅಂತ ಯಾರೂ ಇಲ್ಲ ಅಲ್ವಾ? ನನ್ನ ಅಲ್ಲಿಗೆ ಬಿಡ್ತೀರಾ?"

ಅಡಿಲೇಡ್ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡಳು. ನಾನು ಕಾರು ತಿರುಗಿಸಿದಾಗ ನಾಲ್ಕು ದಾಟಿತ್ತು. ರೇಡಿಯೋದಲ್ಲಿ ಇಬ್ಬರು ಗಂಡಸರು, ಲೂಮಿಸ್ ಸಹಿ ಹಾಕಲಿಲ್ಲವಂತೆ, ಎಷ್ಟು ಕೊಟ್ಟರೂ ಸಾಲದವರಿಗೆ ಏನು ಮಾಡಲಾದೀತು ಎಂದು ನಗುತ್ತಿದ್ದರು. ನಾನು ಆರಿಸಲು ಕೈ ಚಾಚಿದೆ.

"ಬಿಡಿ ಮಿಸ್ ವರ್ನಾ," ಎಂದ ಟೇವಿಯನ್. "ಗಸ್ ಹೆಸರು ಹೇಳ್ತಾರೇನೋ ಕೇಳೋಣ."

ಸರೋವರದ ದಂಡೆಯ ರಸ್ತೆಯುದ್ದಕ್ಕೂ ಕೇಳಿದೆವು. ಮುಂದಿನ ಕ್ವಾರ್ಟರ್‌ಬ್ಯಾಕ್ ಯಾರಾಗಬಹುದೆಂದು ಅವರು ಏಳು ಹೆಸರು ಹೇಳಿದರು. ಶವಾಗಾರದ ಮುಂದೆ ನಾನು ಕಾರು ನಿಲ್ಲಿಸಿದಾಗ ಎಂಟನೆಯ ಹೆಸರು ಹೇಳುತ್ತಿದ್ದರು.