ಕಿಟಕಿ ಮೇಲಿದ್ದ ಕಾಯಿಲು

ರಾಮನಗರದ ಸಮದ್‌ನ ರೇಷ್ಮೆ ನೂಲು ತೆಗೆಯೋ ಶೆಡ್ಡಲ್ಲಿ ನಾನೇ ಕುಂತಿದ್ದೆ, ನಂಬಿದ್ರೆ ನಂಬು. ಗೂಡು ಬೇಯಿಸೋ ತೊಟ್ಟೀಲಿ ನೀರು ಕಾಯಿಸೋ ಕರೆಂಟ್ ಕಾಯಿಲು ಸುಟ್ಟೋಗಿತ್ತು. ಅವತ್ತೇ ಬೇಯಿಸ್ದಿದ್ರೆ ಒಳಗಿನ ಚಿಟ್ಟೆ ಗೂಡು ತೂತು ಮಾಡಿ ಹಾರೋಯ್ತವೆ, ನೂಲೆಲ್ಲ ಹಾಳು. ಸಮದ್ ಕಾಯಿಲು ಬಿಚ್ಚಿ ಕಿಟಕಿ ಮೇಲಿಟ್ಟು, ಕಾಯಿಲಿಲ್ಲದ ಬರೀ ವೈರಿಗೆ ಮೀಟರ್ ಹಿಡ್ದ. ಇನ್ನೂರ ಮೂವತ್ತು ವೋಲ್ಟು, ಐದು ಆಂಪ್ಸ್!

"ಭಾಗಿಸಿದ್ರೆ ನಲವತ್ತಾರು ಓಮು, ಗುಣಿಸಿದ್ರೆ ಸಾವಿರದ ನೂರೈವತ್ತು ವ್ಯಾಟು. ಹಳೇ ಕಾಯಿಲಿನ ಲೆಕ್ಕಾನೇ ಕಣ್ಲಾ ಇದು!" ಅಂದ ನಂಗೆ.

"ಅಜೀ, ಕಾಯಿಲು ಕಿಟಕಿ ಮೇಲೈತಲ್ಲ, ಕರೆಂಟ್ ಯಾರು ತಿಂತಾವ್ರೆ?" ಅಂದ್ಲು ಅವನ ಹೆಂಡ್ತಿ ಕೆಹಕಶಾನ್.

ಕಾಯಿಲು ಮುಟ್ಟಿದೆ, ಐಸಿನಂಗಿತ್ತು. ಆದ್ರೂ ತೊಟ್ಟಿ ನೀರು ಗುಳುಗುಳು ಕುದೀತಿತ್ತು.

"ತಿನ್ಲಿ ಬುಡು, ಕೆಲ್ಸ ಮಾಡ್ಕೊಡ್ತಾವ್ರಲ್ಲ," ಅಂದ ಸಮದ್. ಗೂಡೆಲ್ಲ ಬೆಂದ್ವು, ನೂಲು ಬೆಣ್ಣೆಯಂಗೆ ಬಂತು, ನಾವು ಖುಷಿಯಾಗಿ ಚಾ ಕುಡಿದ್ವಿ.

ಮಾರನೇ ದಿನ ಅಂಥದ್ದೇ ಹೊಸ ಕಾಯಿಲು ಹಾಕ್ದ. ಐದು ಆಂಪ್ಸ್ ತೋರಿಸ್ಬೇಕಿದ್ದ ಮೀಟರು ಹತ್ತು ತೋರಿಸ್ತು: ಹೊಸ ಕಾಯಿಲಿಂದು ಐದು, ಕಣ್ಣಿಗೆ ಕಾಣ್ದೋರ್ದು ಐದು.